ಚಂದ್ರಶೇಖರ್ ಹಾಕಿದ ಲೆಕ್ಕ

ಸುಬ್ರಹ್ಮಣ್ಯನ್ ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು, ಲಾಹೋರಿನಲ್ಲಿ. ತಂದೆ ರೈಲ್ವೆಯ ಲೆಕ್ಕಪತ್ರ ನೋಡುವ ಅಧಿಕಾರಿ. ಕಾಮರ್ಸ್ ಓದುವ ನನಗೆ ಈ ವಿಜ್ಞಾನಿ ಇಷ್ಟವಾಗಲು ಅಷ್ಟು ಸಾಕಾಯಿತು. ಬೆಂಗಳೂರಿನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಇವರ ಚಿಕ್ಕಪ್ಪ.

1930ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಓದು ಮುಗಿಸಿ ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಆಗ ವಯಸ್ಸು 19, ನಮಗಿಂತ ಎರಡೇ ವರ್ಷ ಹೆಚ್ಚು. ಇಂಧನ ಮುಗಿದ ನಕ್ಷತ್ರ ತನ್ನದೇ ಭಾರವನ್ನು ಎಷ್ಟರವರೆಗೆ ತಾಳಿಕೊಂಡೀತು ಎಂದು ಹಡಗಿನಲ್ಲೇ ಲೆಕ್ಕ ಹಾಕಿದರು. ಅದಕ್ಕೊಂದು ಮಿತಿ ಇದೆ ಎಂದು ಉತ್ತರ ಬಂತು. ಮುಂದೆ ಅದು ಸೂರ್ಯನ ಸುಮಾರು 1.4 ಪಟ್ಟು ಎಂದು ಖಚಿತವಾಯಿತು. ಭಾರ ಅದನ್ನು ಮೀರಿದರೆ ಕುಸಿತವೇ ಗತಿ.

1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯಲ್ಲಿ ಇದನ್ನು ಮಂಡಿಸಿದರು. ಮರುಕ್ಷಣವೇ ಎದ್ದು ಮಾತಾಡಿದ ಆರ್ಥರ್ ಎಡಿಂಗ್ಟನ್ ಇದನ್ನು ಗೇಲಿ ಮಾಡಿದರು, ಸಭೆ ನಕ್ಕಿತು. ಇದೇ ಎಡಿಂಗ್ಟನ್ ತಿಂಗಳುಗಟ್ಟಲೆ ಇವರ ಕೋಣೆಗೆ ಬಂದು ಲೆಕ್ಕ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದವರು. ನಕ್ಕವರಿಗಿಂತ ನನಗೆ ಸಿಟ್ಟು ಬರುವುದು, ಲೆಕ್ಕ ಸರಿ ಎಂದು ಒಳಗೊಳಗೇ ಒಪ್ಪಿಯೂ ಬಹಿರಂಗವಾಗಿ ಬಾಯಿ ಬಿಡದ ದೊಡ್ಡ ವಿಜ್ಞಾನಿಗಳ ಮೇಲೆ. ಚಂದ್ರಶೇಖರ್ ಜಗಳಕ್ಕೆ ಹೋಗಲಿಲ್ಲ. 1937ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯ ಸೇರಿದರು. 1939ರಲ್ಲಿ ಎಲ್ಲವನ್ನೂ ಪುಸ್ತಕವಾಗಿ ಬರೆದಿಟ್ಟು ಬೇರೆ ವಿಷಯಕ್ಕೆ ತಿರುಗಿದರು. ಎಡಿಂಗ್ಟನ್ ಜೊತೆ ಸ್ನೇಹವನ್ನೂ ಬಿಡಲಿಲ್ಲ.

ಆ ಮಿತಿ ಈಗ ಎಲ್ಲೆಲ್ಲೂ ಬೇಕು. ಭಾರೀ ನಕ್ಷತ್ರದ ಒಳಗಿನ ಕಬ್ಬಿಣದ ತಿರುಳು ಸುಮಾರು ಅಷ್ಟು ತೂಕ ಮುಟ್ಟಿದಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ, ಹೊರಭಾಗ ಸಿಡಿಯುತ್ತದೆ. ಇದೇ ಸೂಪರ್‌ನೋವಾ. ಅದರ ಬೆಳಕಿಗೆ ಸಾಮಾನ್ಯವಾಗಿ ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕಲ್ ಆಸರೆ. ಆದರೆ ಕೆಲವು ಸ್ಫೋಟಗಳು ಹತ್ತು ಪಟ್ಟಿಗೂ ಹೆಚ್ಚು ಬೆಳಗುತ್ತವೆ. ಅಲ್ಲಿ ಜಮಾ-ಖರ್ಚು ತಾಳೆಯಾಗುವುದಿಲ್ಲ: ಅಷ್ಟು ಬೆಳಕಿಗೆ ಬೇಕಾದ ನಿಕಲ್ ಕೆಲವೊಮ್ಮೆ ಸಿಡಿದ ವಸ್ತುವಿನ ಒಟ್ಟು ತೂಕವನ್ನೇ ಮೀರುತ್ತದೆ. ಹಾಗಾದರೆ ಉಳಿದ ಶಕ್ತಿ ಎಲ್ಲಿಂದ? ಕುಸಿದ ತಿರುಳೇ ಮ್ಯಾಗ್ನೆಟಾರ್ ಆಗಿರಬಹುದು ಎಂಬುದು ಒಂದು ಉತ್ತರ. ನಮ್ಮ ಸಾಲಿಗ್ರಾಮದಿಂದ ಉಡುಪಿಯಷ್ಟು ಅಗಲ, ಸೆಕೆಂಡಿಗೆ ನೂರಾರು ಸುತ್ತು, ಊಹೆಗೆ ನಿಲುಕದ ಕಾಂತಕ್ಷೇತ್ರ. ಸುತ್ತು ನಿಧಾನವಾಗುತ್ತಾ ಹೋದಂತೆ ಆ ಶಕ್ತಿ ಹೊರಗಿನ ವಸ್ತುವಿಗೆ ಇಳಿದು ಅದನ್ನು ಬೆಳಗಿಸುತ್ತದೆ. ನಕ್ಷತ್ರ ಮೊದಲೇ ಹೊರಹಾಕಿದ್ದ ಅನಿಲಕ್ಕೆ ಸ್ಫೋಟ ಡಿಕ್ಕಿ ಹೊಡೆದೂ ಹೀಗಾಗಬಹುದು. ಚರ್ಚೆ ಇನ್ನೂ ಮುಗಿದಿಲ್ಲ.

ನೊಬೆಲ್ ಬಂದದ್ದು 1983ರಲ್ಲಿ, 73ನೇ ವಯಸ್ಸಿನಲ್ಲಿ. 1995ರ ಆಗಸ್ಟ್ 21ರಂದು ಷಿಕಾಗೊದಲ್ಲಿ ತೀರಿಕೊಂಡರು. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕಕ್ಕೆ ಅವರ ಹೆಸರಿಟ್ಟಿದ್ದಾರೆ. ಸಿಡಿಯುವ ನಕ್ಷತ್ರಗಳನ್ನೂ ನೋಡುವ ಆ ದೂರದರ್ಶಕವನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಮೂಲಕ.