ಶಿಲೆಯ ಪುಟಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಘಟ್ಟದಿಂದಿಳಿದು ಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಬೇಸಗೆಯಲ್ಲಿ ನೀರು ತಗ್ಗಿದಾಗ ಹೊಳೆಯ ಮರಳಿನ ಮೇಲೆ ಮೂಡುವ ಅಲೆಗೆರೆಗಳು ಪುತ್ತೂರು, ಸುಳ್ಯ, ಕಡಬ ಸೀಮೆಯ ಜನರಿಗೆ ಹೊಸತಲ್ಲ. ಮುಂಗಾರಿನ ಪ್ರವಾಹ ಅವನ್ನು ಅಳಿಸಿಬಿಡುತ್ತದೆ. ಆ ಸೀಮೆಯ ನೆಲ ಮುಖ್ಯವಾಗಿ ಪುರಾತನ ಸ್ಫಟಿಕಮಯ ಶಿಲೆ ಹಾಗೂ ಅದು ನಿಂತಲ್ಲಿಯೇ ಶಿಥಿಲವಾಗಿ ಆದ ಮುರಕಲ್ಲಿನದು. ಆದರೆ ಅಂಥವೇ ಅಲೆಗೆರೆಗಳು ಬಾಗಲಕೋಟೆ, ಬಾದಾಮಿಗಳ ಪ್ರಾಚೀನ ಮರಳುಗಲ್ಲಿನಲ್ಲಿ ಅಳಿಯದೆ ನಿಂತಿವೆ. ಆ ಶಿಲಾಸಮೂಹವನ್ನು ಕ್ರಮಬದ್ಧವಾಗಿ ಪರಿಶೀಲಿಸಿ ಕಲಾದಗಿ ಎಂಬ ಹೆಸರಿನಿಂದ ವಿಜ್ಞಾನಲೋಕಕ್ಕೆ ಪರಿಚಯಿಸಿದ ಮಹನೀಯರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಫೂಟರು 1858ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿ, ಮದರಾಸಿನಿಂದ ತಮ್ಮ ಸೇವೆಯನ್ನಾರಂಭಿಸಿದರು. 1863ರ ಮೇ 30ರಂದು ಪಲ್ಲಾವರದ ಮುರಕಲ್ಲಿನ ಗರಸುಗುಂಡಿಯೊಂದರಲ್ಲಿ ಅವರಿಗೊಂದು ಕಲ್ಲು ದೊರೆಯಿತು. ಸಾಮಾನ್ಯರು ಕಾಲಿನಿಂದ ಸರಿಸಿಬಿಡಬಹುದಾಗಿದ್ದ ಆ ಬೆಣಚುಶಿಲೆಯ ತುಂಡಿನಲ್ಲಿ ಅವರು ಮಾನವಹಸ್ತದ ಕೆತ್ತನೆಯನ್ನು ಗುರುತಿಸಿದರು. ಭಾರತದ ಶಿಲಾಯುಗದ ಚರಿತ್ರೆ ಬೆಳಕಿಗೆ ಬಂದುದು ಆ ಒಂದು ಕೈಗೊಡಲಿಯಿಂದ. ಬರವಣಿಗೆಯೇ ಇಲ್ಲದ ಕಾಲದ ಮನುಷ್ಯನಿಗೆ ಸಾಕ್ಷ್ಯ ಹೇಳುವ ಹೊಣೆ ಅಂದಿನಿಂದ ಕಲ್ಲಿನ ಪಾಲಿಗೆ ಬಂದಿತು.

ಮುಂದೆ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಸಂಚರಿಸಿ, ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತ ಬೃಹತ್ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದರು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯ ವಿವರಣೆ ಅದಕ್ಕೂ ಮುನ್ನ, 1874ರಲ್ಲಿಯೇ ಹೊರಬಂದಿತ್ತು. ಧಾರವಾಡದ ಹೆಸರಿನ ಪ್ರಾಚೀನತರ ಶಿಲಾಸಮೂಹವನ್ನು ಗುರುತಿಸಿ ಹೆಸರಿಸಿದವರೂ ಅವರೇ.

ಕಲ್ಲಿನ ಮೇಲಣ ಚಿತ್ತಾರಗಳು ಆಕಸ್ಮಿಕವಲ್ಲ. ಹರಿಯುವ ನೀರು ಮರಳಿನ ಕಣವನ್ನು ಇಳಿಜಾರು ಕಡಿಮೆಯಿರುವ ಬದಿಯಿಂದ ಮೇಲಕ್ಕುರುಳಿಸಿ, ಕಡಿದಾದ ಬದಿಯಲ್ಲಿ ಕೆಳಕ್ಕೆ ಬೀಳಿಸುತ್ತದೆ. ಹೀಗೆ ಬಿದ್ದ ಪದರಗಳು ಪ್ರವಾಹ ಸಾಗಿದ ದಿಕ್ಕಿಗೆ ಓರೆಯಾಗಿ ಬಾಗಿರುತ್ತವೆ. ಎರಡೂ ಬದಿ ಸಮನಾಗಿರುವ ಗೆರೆಗಳು ಹಿಂದೆ ಮುಂದೆ ತೂಗುವ ಅಲೆಗಳ ಕುರುಹು. ಇವುಗಳ ಮೇಲೆ ಹೊಸ ಹೂಳು ಕವಿದು, ಭಾರದಿಂದ ಒತ್ತಿ, ಸಿಲಿಕದಂಥ ಖನಿಜಗಳು ಕಣಗಳನ್ನು ಬೆಸೆದಾಗ ಮರಳು ಕಲ್ಲಾಗುತ್ತದೆ. ಕಬ್ಬಿಣದ ಆಕ್ಸೈಡು ಅದಕ್ಕೆ ಕೆಂಬಣ್ಣ ಕೊಡುತ್ತದೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಚಾಲುಕ್ಯ ಶಿಲ್ಪಿಗಳ ಉಳಿ ತಾಗಿದುದು ಇಂತಹ ಕಲ್ಲಿಗೆ. ಫೂಟರ ವಿಂಗಡಣೆಯನ್ನು ಮುಂದಿನ ವಿದ್ವಾಂಸರು ತಿದ್ದಿ, ಮಡಿಕೆಗೊಂಡ ಕೆಳಗಣ ಬಾಗಲಕೋಟೆ ಸಮೂಹವನ್ನೂ ಬಹುಮಟ್ಟಿಗೆ ಸಮತಲವಾಗಿರುವ ಮೇಲಣ ಬಾದಾಮಿ ಸಮೂಹವನ್ನೂ ಬೇರ್ಪಡಿಸಿದ್ದಾರೆ. ಕಲಾದಗಿ ಎಂಬ ಹೆಸರು ಮಾತ್ರ ಉಳಿದಿದೆ.

1891ರಲ್ಲಿ ನಿವೃತ್ತರಾದ ಬಳಿಕವೂ ಅವರ ದುಡಿಮೆ ನಿಲ್ಲಲಿಲ್ಲ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥ 1895ರಲ್ಲಿ ಪ್ರಕಟವಾಯಿತು. ದಶಕಗಳ ಕಾಲ ಕೂಡಿಸಿದ ಪ್ರಾಗೈತಿಹಾಸಿಕ ವಸ್ತುಗಳ ಭಂಡಾರ 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. ಅವರು ಸಿದ್ಧಪಡಿಸಿದ್ದ ಸಂಗ್ರಹಸೂಚಿ ಅಚ್ಚಾದುದು ಅವರ ಮರಣಾನಂತರ.

ಗಳಿಸಿದ್ದನ್ನು ಮುಚ್ಚಿಡದೆ, ಮುಂದಿನವರು ಪರೀಕ್ಷಿಸಿ ತಿದ್ದಲು ಅನುವಾಗುವಂತೆ ದಾಖಲಿಸಿಟ್ಟುದೇ ಈ ಜೀವನದ ಹಿರಿಮೆ. ಕಾಲಡಿಯ ಕಲ್ಲನ್ನು ಕಣ್ಣಿಟ್ಟು ನೋಡುವ ಒಬ್ಬ ವಿದ್ಯಾರ್ಥಿ ಸಿದ್ಧನಾದರೂ ಫೂಟರ ಸ್ಮರಣೆ ಸಾರ್ಥಕ.