ನಾಸ್ತಿಕರೊಬ್ಬರ ಸತ್ಯನಿಷ್ಠೆ

ಒಂದು ಮತವನ್ನು ಅಂತರಂಗದಲ್ಲಿ ನಂಬಿಕೊಂಡಿರುವುದಕ್ಕೂ ಅದನ್ನು ನಾಲ್ವರ ಮುಂದೆ ಬಾಯಿಬಿಟ್ಟು ಹೇಳುವುದಕ್ಕೂ ಬಹಳ ಅಂತರವುಂಟು. ಮೊದಲನೆಯದನ್ನು ಯಾವ ಸರಕಾರವೂ ತಡೆಯಲಾರದು. ಎರಡನೆಯದಕ್ಕೆ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ಹಿಂಜರಿಯದೆ ತೆತ್ತವರಲ್ಲಿ ಚಾರ್ಲ್ಸ್ ಬ್ರಾಡ್ಲಾರವರನ್ನು ನಾವು ಅಗ್ರಗಣ್ಯರೆಂದು ಎಣಿಸುತ್ತೇವೆ.

ಬ್ರಾಡ್ಲಾರವರು 1833ನೆಯ ಇಸವಿಯಲ್ಲಿ ಲಂಡನ್ ನಗರದ ಬಡ ಗುಮಾಸ್ತರೊಬ್ಬರ ಮಗನಾಗಿ ಜನಿಸಿದರು. ಎಳೆವಯಸ್ಸಿನಲ್ಲಿ ಇಗರ್ಜಿಯ ಭಾನುವಾರದ ಪಾಠಶಾಲೆಯಲ್ಲಿ ಬೋಧಿಸುತ್ತಿದ್ದರು. ನಾಲ್ಕು ಸುವಾರ್ತೆಗಳು ಪರಸ್ಪರ ಹೊಂದುವುದಿಲ್ಲವೆಂಬ ಸಂದೇಹವುಂಟಾಗಲು, ಅದನ್ನು ಪಾದ್ರಿಗಳ ಮುಂದಿಟ್ಟರು. ಸಮಾಧಾನಕ್ಕೆ ಬದಲಾಗಿ ತಿರಸ್ಕಾರವೇ ದೊರೆಯಿತು. ಹದಿಹರೆಯದಲ್ಲಿಯೇ ಮನೆಯನ್ನು ತೊರೆಯಬೇಕಾಯಿತು. ಸೈನ್ಯದಲ್ಲಿಯೂ ವಕೀಲರ ಕಚೇರಿಯಲ್ಲಿಯೂ ದುಡಿದು, ಉಪನ್ಯಾಸಗಳಿಂದ ಪ್ರಖ್ಯಾತರಾಗಿ, 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿಯನ್ನು ಸ್ಥಾಪಿಸಿದರು.

1880ರಲ್ಲಿ ನಾರ್ಥಾಂಪ್ಟನ್ ಪಟ್ಟಣದ ಮತದಾರರು ಅವರನ್ನು ಪಾರ್ಲಿಮೆಂಟಿಗೆ ಚುನಾಯಿಸಿದರು. ದೇವರ ಹೆಸರಿನ ಪ್ರಮಾಣಕ್ಕೆ ಬದಲಾಗಿ ದೃಢವಚನವನ್ನು ಕೊಡಲು ಅವರು ಅನುಮತಿ ಬೇಡಿದರು. ಅದು ದೊರೆಯದಿರಲು, ಪ್ರಮಾಣವನ್ನೇ ಮಾಡಲು ಸಿದ್ಧರಾದರು. ಇದು ನಿಷ್ಠೆಗೆ ಕುಂದಲ್ಲವೇ ಎಂದು ವಾಚಕರು ಕೇಳಬಹುದು. ಆದರೆ ಅವರು ಏನನ್ನೂ ಮರೆಮಾಚಲಿಲ್ಲ. ಆ ಶಬ್ದಗಳು ತಮಗೆ ಅರ್ಥಹೀನವಾದರೂ ಅವುಗಳ ಹೊಣೆಗೆ ತಾವು ಬದ್ಧರೆಂದು ಮುಂಚಿತವಾಗಿಯೇ ಪ್ರಕಟಿಸಿದರು. ಅವರಿಗೆ ಮುಳುವಾದುದು ಈ ಪ್ರಕಟಣೆಯೇ. ನಂಬಿಕೆಯಿಲ್ಲದೆ ಮೌನವಾಗಿ ಪ್ರಮಾಣವಚನವನ್ನು ಉಚ್ಚರಿಸುವ ಸದಸ್ಯನ ಅಂತರಂಗವನ್ನು ಆ ಸಭೆಯು ಕೆದಕುತ್ತಿರಲಿಲ್ಲ. ದಂಡನೆಯು ಅವಿಶ್ವಾಸಕ್ಕಲ್ಲ, ಅದನ್ನು ಒಪ್ಪಿಕೊಂಡ ಪ್ರಾಮಾಣಿಕತೆಗೆ.

ಜೂನ್ 22ರಂದು ಸಭೆಯು ಅವರಿಗೆ ಎರಡು ದಾರಿಗಳನ್ನೂ ಮುಚ್ಚಿತು. ಮರುದಿನ ಹೊರಹೋಗಲೊಪ್ಪದ ಅವರನ್ನು ಗಡಿಯಾರದ ಗೋಪುರದಲ್ಲಿ ಸೆರೆಯಿಟ್ಟಿತು. 1881ರ ಆಗಸ್ಟ್ 3ರಂದು ಅವರನ್ನು ಬಲಾತ್ಕಾರದಿಂದ ಹೊರದೂಡಲಾಯಿತು. ನಾರ್ಥಾಂಪ್ಟನ್ ಮತದಾರರಾದರೋ 1881, 1882, 1884, 1885ರಲ್ಲಿ ಅವರನ್ನೇ ಮತ್ತೆ ಮತ್ತೆ ಆರಿಸಿ ಕಳುಹಿಸಿದರು. ಕೊನೆಗೆ 1886ರಲ್ಲಿ ಸಭಾಧ್ಯಕ್ಷರು ಆಕ್ಷೇಪಣೆಗಳಿಗೆ ಎಡೆಗೊಡದೆ ಅವರಿಂದ ಪ್ರಮಾಣ ಮಾಡಿಸಿದರು. ದೃಢವಚನದ ಹಕ್ಕನ್ನು ಸರ್ವರಿಗೂ ಕೊಡುವ 1888ರ ಕಾಯಿದೆಯು ಬ್ರಾಡ್ಲಾರವರ ಪರಿಶ್ರಮದ ಫಲವೇ.

ಭಾರತೀಯರು ಅವರಿಗೆ ಋಣಿಗಳು. ಪಾರ್ಲಿಮೆಂಟಿನಲ್ಲಿ ನಮ್ಮ ಪಕ್ಷವನ್ನು ಎತ್ತಿ ಹಿಡಿದ ಈ ಮಹನೀಯರು, 1889ರ ಡಿಸೆಂಬರಿನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರ ಜನವರಿ 30ರಂದು ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು, ಅವರು ಮರಣಶಯ್ಯೆಯಲ್ಲಿರುವಾಗ, ಕಾಮನ್ಸ್ ಸಭೆಯು ಹಿಂದಿನ ಬಹಿಷ್ಕಾರದ ನಿರ್ಣಯವನ್ನು ತನ್ನ ದಾಖಲೆಯಿಂದ ಅಳಿಸಿಹಾಕಿತು. ಆಗ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿಯವರು, ಪರಮ ಆಸ್ತಿಕರಾಗಿಯೂ, ಈ ನಾಸ್ತಿಕರ ಅಂತ್ಯಕ್ರಿಯೆಗೆ ಹೋಗಿದ್ದರು.

ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯು ದೇವರ ಹೆಸರಿನ ಪ್ರಮಾಣವನ್ನೂ ದೃಢವಚನವನ್ನೂ ಸಮಾನವಾಗಿ ಮಾನ್ಯಮಾಡಿದೆ. ಬಹುಜನರು ಮೆಚ್ಚುವ ನಂಬಿಕೆಯನ್ನು ಸಾರಲು ಧೈರ್ಯವೇನೂ ಬೇಕಿಲ್ಲ. ಮೆಚ್ಚದ ನಂಬಿಕೆಯುಳ್ಳವನು ಸುಳ್ಳಾಡದೆ ಸಭೆಯಲ್ಲಿ ಕುಳಿತುಕೊಳ್ಳಬಲ್ಲನೇ ಎಂಬುದರಿಂದಲೇ ನಾವು ಒಂದು ದೇಶದ ಸ್ವಾತಂತ್ರ್ಯವನ್ನು ಅಳೆಯುತ್ತೇವೆ.