ನಮ್ಮ ಮಣ್ಣಿನ ಮೇಲೆ ನಡೆದ ವಿಕ್ರಮನ ಪರೀಕ್ಷೆ



2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಲ್ಯಾಂಡರಿನ ಹೆಸರು ವಿಕ್ರಮ್. ಬೆಂಗಳೂರಿನಲ್ಲಿ ಅದರ ಪರೀಕ್ಷೆಗೆ ಚಂದ್ರನದ್ದನ್ನು ಹೋಲುವ ಮಣ್ಣು ಬೇಕಾಯಿತು. ಅದು ಸಿಕ್ಕಿದ್ದು ನಾಮಕ್ಕಲ್ ಕಡೆಯ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲಿನಲ್ಲಿ. ಕಲ್ಲನ್ನು ಪುಡಿ ಮಾಡಿ ಬಳಸಿದರು. ಸೇಲಂ ಪೆರಿಯಾರ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಈ ಕೆಲಸದಲ್ಲಿ ನೆರವಾದರು. ಆ ಊರು 1997ರವರೆಗೆ ನಮ್ಮ ಸೇಲಂ ಜಿಲ್ಲೆಯದೇ ಆಗಿತ್ತು ಎಂಬುದನ್ನು ಹಿರಿಯರು ಬಲ್ಲರು.

ಆ ಹೆಸರಿನ ಹಿಂದಿರುವವರು ಡಾ. ವಿಕ್ರಮ್ ಸಾರಾಭಾಯಿ. 1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಮಹಾಯುದ್ಧ ಶುರುವಾಗಿ ಊರಿಗೆ ಮರಳಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸರ್ ಸಿ.ವಿ. ರಾಮನ್ ಅವರ ಕೈಕೆಳಗೆ ವಿಶ್ವಕಿರಣಗಳ ಅಧ್ಯಯನ ಮಾಡಿದರು. ಹೋಮಿ ಭಾಭಾ ಅವರೂ ಆಗ ಅಲ್ಲಿದ್ದರು. ನರ್ತಕಿ ಮೃಣಾಲಿನಿ ಅವರ ಪರಿಚಯವಾದದ್ದೂ ಬೆಂಗಳೂರಿನಲ್ಲೇ, 1942ರಲ್ಲಿ ಮದುವೆ. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ತೆರೆದರು. ನಮ್ಮ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅಲ್ಲಿ ಅವರ ಶಿಷ್ಯರಾದರು.

1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ, ಆ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನಿಗೆ ಕಳಿಸುವುದಾಗಿ ಸಾರಿದರು. ರಷ್ಯಾವನ್ನು ಹಿಂದಿಕ್ಕಬೇಕೆಂಬುದೇ ಅದರ ಹುರುಳು. ಸಾರಾಭಾಯಿ ಆ ಪೈಪೋಟಿಗೆ ಇಳಿಯಲಿಲ್ಲ. ಚಂದ್ರ, ಗ್ರಹ, ಮಾನವಸಹಿತ ಯಾನಗಳಲ್ಲಿ ಸಿರಿವಂತ ದೇಶಗಳೊಡನೆ ಸ್ಪರ್ಧಿಸುವ ಕನಸು ನಮಗಿಲ್ಲ, ನಮ್ಮ ಜನರ ಕಷ್ಟಕ್ಕೆ ಒದಗುವ ತಂತ್ರಜ್ಞಾನದಲ್ಲಿ ಮಾತ್ರ ಯಾರಿಗೂ ಕಡಿಮೆಯಾಗಬಾರದು ಎಂಬುದು ಅವರ ನಿಲುವು. ಹಳ್ಳಿಗೆ ಪಾಠ, ರೈತನಿಗೆ ಹವಾಮಾನ, ಇವೇ ಅವರಿಗೆ ಬಾಹ್ಯಾಕಾಶದ ಗುರಿ.

ಭೂಮಿಯ ಮೇಲೂ ಅವರು ಜಾಗ ಆರಿಸಬೇಕಿತ್ತು. ಕಾಂತೀಯ ಸಮಭಾಜಕಕ್ಕೆ ಹತ್ತಿರವೆಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದರು. ಬಿಷಪ್ ತಮ್ಮ ಜನರನ್ನು ಕೇಳಿ ಒಪ್ಪಿಸಿದರು; ಚರ್ಚ್ ಕಚೇರಿಯಾಯಿತು, ರಾಕೆಟ್ ಬಿಡಿಭಾಗಗಳು ಸೈಕಲ್ ಮೇಲೆ ಬಂದವು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಈ ಕಥೆ ಹೇಳುವವರು ಸೈಕಲ್ಲನ್ನು ಮರೆಯುವುದಿಲ್ಲ, ಮನೆ ಬಿಟ್ಟು ಎದ್ದ ಬೆಸ್ತರನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಅದು ಸರಿ ಕಾಣದು.

1969ರಲ್ಲಿ ಇಸ್ರೋ ಹುಟ್ಟಿತು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ತೀರಿಕೊಂಡರು, ವಯಸ್ಸು 52. 1975ರಲ್ಲಿ ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಹಾರಿತು. ಅದೇ ವರ್ಷ, ಸಾರಾಭಾಯಿ ಬದುಕಿದ್ದಾಗಲೇ ಅಮೆರಿಕದೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ, ಉಪಗ್ರಹದ ಮೂಲಕ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ತಲುಪಿತು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಯವರು ಅದನ್ನು ಕನ್ನಡದಲ್ಲಿ ನೋಡಿದರು.

ಧರ್ಮಪುರಿಯ ನಮ್ಮ ಮನೆಗಳಿಗೆ ಆಗ ಬೆಂಗಳೂರು ಆಕಾಶವಾಣಿಯೊಂದೇ ಗತಿ, ಅದೂ ಗೊರಗೊರ ಸದ್ದಿನ ನಡುವೆ. ಮುಂದೆ ಉಪಗ್ರಹದ ಕೊಡೆ ಬಂದು ಚಂದನ ವಾಹಿನಿ ಸಿಕ್ಕಿತು. ಶಾಲೆಯಲ್ಲಿ ಕನ್ನಡ ಸಿಗದ ಮೊಮ್ಮಕ್ಕಳು ಅದರಿಂದಲೇ ನಾಲ್ಕು ಮಾತು ಕಲಿತರು.

ಈಗ ಸರ್ಕಾರ 2040ಕ್ಕೆ ಭಾರತೀಯನನ್ನು ಚಂದ್ರನಿಗೆ ಕಳಿಸುವ ಗುರಿ ಇಟ್ಟಿದೆ. ಸಾರಾಭಾಯಿ ಇದ್ದಿದ್ದರೆ ಒಪ್ಪುತ್ತಿದ್ದರೇ ಎಂದು ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಯಾಗಿ, ಕಾಫಿ ಆರಿಹೋಯಿತು, ಒಮ್ಮತ ಬರಲಿಲ್ಲ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕನ್ನಡದಲ್ಲೇ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

– ಕಾರ್ಯದರ್ಶಿ